ಕಪ್ಪು ಎಲ್ಲಿಗೂ ಹೋಗಿಲ್ಲ

ಪುಣೆಯ ನಮ್ಮ ವಸತಿಗೃಹಗಳ ಹಿಂದಿನ ರಸ್ತೆಯಲ್ಲಿ, ನೆರಳಿಲ್ಲದ ಒಂದು ಜಾಗದಲ್ಲಿ, ಬಿಳಿಯ ಪಿಕಪ್ ಟ್ರಕ್ ಒಂದು ನಿಲ್ಲುತ್ತದೆ. ಅದರ ಮಾಲೀಕರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಊರಿನ ನಿಂಬೆಹಣ್ಣನ್ನು ಸೋಲಾಪುರದ ದಾರಿಯಾಗಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ತಂದು ಇಳಿಸುವುದರಿಂದ ಅವರ ವೃತ್ತಿ ಆರಂಭವಾಯಿತು. ಈಗ ನಗರದೊಳಗಿನ ಸಾಗಾಟವೇ ಹೆಚ್ಚು. ಗಾಡಿಗೆ ಏಳು ವರ್ಷವಾಗಿದೆ. ಎಂಜಿನ್ನಿನ ಸದ್ದು ಹದವಾಗಿದೆ, ಬ್ರೇಕು ಸರಿಯಾಗಿದೆ, ಕಾಗದಪತ್ರಗಳೆಲ್ಲ ಚೊಕ್ಕವಾಗಿವೆ. ಹಾಳಾಗಿದ್ದುದು ಒಂದೇ: ಮುಂದಿನ ಬಂಪರು, ಚಕ್ರದ ಮೇಲಿನ ಕಮಾನುಗಳು, ಬಾಗಿಲಿನ ಕೆಳಪಟ್ಟಿ, ಕನ್ನಡಿಯ ಕವಚ ಮುಂತಾದ ಕಪ್ಪು ಪ್ಲಾಸ್ಟಿಕ್ ಭಾಗಗಳು ಬಿಸಿಲಿಗೆ ಬಿಳಿಚಿ, ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಕಳೆದ ಬೇಸಿಗೆಯ ಕೊನೆಯಲ್ಲಿ, ಸರಕು ಹಂಚುವ ಸಂಸ್ಥೆಯೊಂದು ವಾಹನಗಳನ್ನು ತಿಂಗಳ ಬಾಡಿಗೆಗೆ ಗೊತ್ತುಮಾಡಿಕೊಳ್ಳುತ್ತಿದೆ ಎಂದು ತಿಳಿದು ಅವರು ಅಲ್ಲಿಗೆ ಹೋದರು. ಅಲ್ಲಿದ್ದ ಮೇಲ್ವಿಚಾರಕರು ಬಾನೆಟ್ ತೆರೆಸಲಿಲ್ಲ, ಟೈರು ನೋಡಲಿಲ್ಲ. ಬಂಪರಿನ ಮೇಲೆ ಒಮ್ಮೆ ಬೆರಳು ಎಳೆದರು. ಬೆರಳ ತುದಿಗೆ ಪುಡಿ ಹತ್ತಿತು. ಗಾಡಿ ಮುದಿಯಾಗಿದೆ ಎಂದು ತೀರ್ಪು ಕೊಟ್ಟು ಕಳಿಸಿದರು. ಮಗಳ ಕಾಲೇಜಿನ ಶುಲ್ಕ ಕಟ್ಟುವ ತಿಂಗಳದು. ನಮ್ಮ ಗೆಳೆಯರು ರಸ್ತೆಬದಿಯ ಅಂಗಡಿಯೊಂದರಲ್ಲಿ ಹಣ ತೆತ್ತು, ಆ ಭಾಗಗಳಿಗೆಲ್ಲ ಎಣ್ಣೆಯಂಥ ದ್ರವವೊಂದನ್ನು ಬಳಿಸಿದರು. ಗಾಡಿ ಮದುವಣಗಿತ್ತಿಯಂತೆ ಮಿಂಚಿತು. ಮರುದಿನವೇ ಅದೇ ಸಂಸ್ಥೆಯಲ್ಲಿ ಅದು ಒಪ್ಪಿಗೆಯೂ ಆಯಿತು. ಎಂಟು ದಿನ ಕಳೆಯುವುದರೊಳಗೆ ಮುಂಗಾರಿನ ಮೊದಲ ಮಳೆ ಸುರಿಯಿತು. ಕನ್ನಡಿಯ ಕವಚದಿಂದ ಇಳಿದ ಜಿಡ್ಡು ಬಿಳಿಯ ಬಾಗಿಲುಗಳ ಮೇಲೆ ಕಂಬನಿಯ ಗೆರೆಗಳಂತೆ ಒಣಗಿತು. ಬಂಪರು ಮತ್ತೆ ಬೂದಿಯಾಯಿತು. ಮೇಲ್ವಿಚಾರಕರು ಈ ಬಾರಿ ಗಾಡಿಯನ್ನು ಹಿಂದಕ್ಕೆ ಕಳಿಸಿದ್ದಲ್ಲದೆ, ಮೋಸ ಮಾಡಿದಿರಿ ಎಂದೂ ಅಂದರು.

ಅಂದು ಸಂಜೆ ಅವರು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಕೇಳಿದ ಪ್ರಶ್ನೆ ಇದು: "ನಾ ಏನ್ ಮೋಸ ಮಾಡೇನ್ರಿ ಸಾಹೇಬ್ರ?"

ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಪ್ಲಾಸ್ಟಿಕ್ಕಿನ ಬಣ್ಣದ ಬಗ್ಗೆ ಸಾಹಿತ್ಯಬಳಗದ ಈ ಪುಟಗಳಲ್ಲಿ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಒಬ್ಬ ದುಡಿಮೆಗಾರನ ಪ್ರಾಮಾಣಿಕತೆಯನ್ನು ಎರಡು ಬಾರಿ ಅಳೆದದ್ದು ಆ ಪ್ಲಾಸ್ಟಿಕ್ಕಿನಿಂದಲೇ. ಆದುದರಿಂದ ಆ ವಸ್ತುವನ್ನು ಸರಿಯಾಗಿ ಅರಿಯುವುದು ಉತ್ತರದ ಮೊದಲ ಮೆಟ್ಟಿಲು ಎಂದು ನನಗೆ ತೋರಿತು.

ವಾಹನದ ಹೊರಮೈಯ ಕಪ್ಪು ಭಾಗಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದಂಥವು. ಪೆಟ್ಟು ತಾಳಲೆಂದು ಅದಕ್ಕೆ ರಬ್ಬರಿನ ಗುಣವಿರುವ ಪದಾರ್ಥವನ್ನೂ, ಗಡಸುತನಕ್ಕಾಗಿ ಹಲವು ವೇಳೆ ಟಾಲ್ಕ್ ಪುಡಿಯನ್ನೂ ಬೆರೆಸುತ್ತಾರೆ. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್‌ನಿಂದ. ಹೆಸರು ಪರಕೀಯವಾದರೂ ವಸ್ತು ನಮಗೆ ಪರಿಚಿತವೇ. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಅದಕ್ಕೆ ಅಂಟಿದ ಮಸಿಯನ್ನು ಕೆರೆದು ಅಜ್ಜಿಯರು ಮಾಡುತ್ತಿದ್ದ ಕಾಡಿಗೆಯ ಹತ್ತಿರದ ಬಂಧು ಅದು. ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು ಕೆಟ್ಟ ಕಣ್ಣನ್ನು ತಡೆಯುತ್ತದೆಂಬುದು ನಂಬಿಕೆ. ಪ್ಲಾಸ್ಟಿಕ್ಕಿನೊಳಗಿನ ಈ ಕಾಡಿಗೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಂಡು ಒಳಗಿನ ವಸ್ತುವನ್ನು ಕಾಪಾಡುತ್ತದೆಂಬುದು ರಸಾಯನಶಾಸ್ತ್ರ. ಹೊಲಗಳಲ್ಲಿ ಬಿಸಿಲಿಗೆ ಬಿದ್ದಿರುವ ನೀರಿನ ಕೊಳವೆಗಳು ಕಪ್ಪಾಗಿರುವುದಕ್ಕೂ ಇದೇ ಕಾರಣ. ನೂರಕ್ಕೆ ಎರಡು ಮೂರು ಭಾಗದಷ್ಟು ಮಸಿ ಸೇರಿದರೆ ಕೊಳವೆಯ ಬಾಳಿಕೆ ಬಹುಕಾಲ ಹೆಚ್ಚುತ್ತದೆ.

ಹಾಗಾದರೆ ಕಪ್ಪು ಬಿಳಿಚುವುದೇಕೆ? ಎಷ್ಟೇ ಕಾವಲಿದ್ದರೂ ತೊಗಲಿನಷ್ಟು ತೆಳುವಾದ ಮೇಲ್ಪದರ ಬಿಸಿಲಿಗೆ ನೇರವಾಗಿ ಸಿಗುತ್ತದೆ. ಅಲ್ಲಿ ಕಿರಣ, ಆಮ್ಲಜನಕ, ಬಿಸಿ ಈ ಮೂರೂ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಣಿಗಳನ್ನು ತುಂಡರಿಸುತ್ತವೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಹುಟ್ಟುತ್ತವೆ. ಒಳಗಿನ ಪುಡಿ ಹೊರಗೆ ಬರುತ್ತದೆ. ಆ ಒರಟು ಮೈಗೆ ಬಿದ್ದ ಬೆಳಕು ನಾನಾ ದಿಕ್ಕಿಗೆ ಚದುರುತ್ತದೆ. ಚದುರಿದ ಬೆಳಕೇ ನಮ್ಮ ಕಣ್ಣಿಗೆ ಬೂದಿಬಣ್ಣವಾಗಿ ತೋರುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಬಿಳಿಚಿದ ಬಂಪರಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಬಿರುಕುಗಳನ್ನು ತುಂಬಿದೊಡನೆ ಬೆಳಕು ಚದುರುವುದು ಕಡಿಮೆಯಾಗಿ, ಹೊಸ ಗಾಡಿಯ ಕಪ್ಪು ಕ್ಷಣಮಾತ್ರ ಮರಳುತ್ತದೆ. ಒಣಗಿದ ಮೇಲೆ ಮತ್ತೆ ಬೂದಿ. ಕಪ್ಪು ಎಲ್ಲಿಗೂ ಹೋಗಿಲ್ಲ. ಸವೆದ ತನ್ನದೇ ಚರ್ಮದ ಪುಡಿಯ ಕೆಳಗೆ ಅದು ಇದೆ.

ನಮ್ಮ ಗೆಳೆಯರಿಗೆ ಇದನ್ನು ಮಾಡಿ ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಗಾಡಿ ಪ್ರತಿ ಹಗಲೂ ಒಂದೇ ದಿಕ್ಕಿಗೆ ನಿಲ್ಲುವುದರಿಂದ ದಕ್ಷಿಣದ ಬಿಸಿಲು ಬೀಳುವ ಎಡಬದಿ ಹೆಚ್ಚು ಬೆಳ್ಳಗಾಗಿತ್ತು, ಗೋಡೆಯ ಕಡೆಗಿನ ಬಲಬದಿ ಅಷ್ಟಾಗಿ ಕೆಟ್ಟಿರಲಿಲ್ಲ. ಒಂದೇ ವಯಸ್ಸು, ಒಂದೇ ಗಾಡಿ, ಎರಡು ಬಣ್ಣ. ಮುದಿತನವೆಂದು ಮೇಲ್ವಿಚಾರಕರು ಓದಿದ್ದು ನಿಜವಾಗಿ ನಿಲುಗಡೆಯ ಜಾಗದ ಕಥೆಯಾಗಿತ್ತು.

ಇನ್ನು ಚಿಕಿತ್ಸೆಯ ಮಾತು. ನಮ್ಮಲ್ಲಿ ರೂಢಿಯಲ್ಲಿರುವ ಉಪಾಯಗಳಲ್ಲಿ ಬಹುಪಾಲು ಚೊಂಬು ನೀರಿನ ಉಪಾಯಗಳೇ. ನೀರಿನ ಬದಲು ಬೇಗ ಆರದ ಇನ್ನೇನನ್ನೋ ಬಿರುಕಿಗೆ ತುಂಬುತ್ತಾರೆ, ಅಷ್ಟೇ. ತೆಂಗಿನೆಣ್ಣೆ, ಸಿಲಿಕೋನ್ ಎಣ್ಣೆ, ಬೂಟ್ ಪಾಲಿಶ್, ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ ಎಲ್ಲವೂ ಈ ಜಾತಿಗೆ ಸೇರಿದವು. ತೆಂಗಿನೆಣ್ಣೆ ಧೂಳನ್ನು ಕರೆದು ಕೂರಿಸುತ್ತದೆ. ಬೂಟ್ ಪಾಲಿಶ್ ಹತ್ತಿರ ಸುಳಿದವರ ಬಟ್ಟೆಗೆ ಬಳಿಯುತ್ತದೆ. ಸುಟ್ಟ ಆಯಿಲ್‌ನಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುವುದರಿಂದ ಬರಿಗೈಯಲ್ಲಿ ಅದನ್ನು ಮುಟ್ಟುವುದೇ ತಪ್ಪು. ಮಳೆಗೆ ತೊಳೆದು ಅದು ಮಣ್ಣಿಗೂ ಚರಂಡಿಗೂ ಸೇರುತ್ತದೆ. ಅಗಸೆ ಎಣ್ಣೆ ಹಚ್ಚುವವರೂ ಇದ್ದಾರೆ. ಆ ಎಣ್ಣೆ ನೆಂದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ತಾನೇ ಕಾದು ಬೆಂಕಿ ಹೊತ್ತಿಕೊಳ್ಳಬಲ್ಲದು ಎಂಬುದು ಎಲ್ಲರಿಗೂ ತಿಳಿದಿರುವುದಿಲ್ಲ. ಬಿಸಿಗಾಳಿಯ ಗನ್ ಬೀಸಿ ಮೇಲ್ಪದರವನ್ನು ಕರಗಿಸಿ ನಯಗೊಳಿಸುವ ವಿದ್ಯೆಯೊಂದಿದೆ. ನೋಡಲು ಅದು ಪವಾಡದಂತಿರುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಂಥದ್ದು; ಆ ಗನ್ನಿನ ಗಾಳಿ 500 ಡಿಗ್ರಿಯನ್ನೂ ಮುಟ್ಟಬಲ್ಲದು. ಕೈ ಒಂದು ಕ್ಷಣ ತಡೆದರೆ ಬಂಪರು ಸೊಟ್ಟಗಾಗುತ್ತದೆ. ಉಳಿದ ಪದರವನ್ನು ಮತ್ತಷ್ಟು ದಣಿಸುವ ಈ ಉಪಾಯವನ್ನು ಪದೇ ಪದೇ ಮಾಡುವಂತೆಯೂ ಇಲ್ಲ.

ನಾವಿಬ್ಬರೂ ಒಂದು ಭಾನುವಾರ ಮಾಡಿದ್ದು ಇಷ್ಟು. ಬೆಳಗ್ಗೆ ಏಳಕ್ಕೆ, ಪ್ಲಾಸ್ಟಿಕ್ಕು ಇನ್ನೂ ತಣ್ಣಗಿರುವಾಗ, ವಾಹನ ತೊಳೆಯುವ ಶಾಂಪೂ ಹಾಕಿ ಮೆದುವಾದ ನೈಲಾನ್ ಬ್ರಶ್ಶಿನಿಂದ ಉಜ್ಜಿದೆವು. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬ್ರಶ್ ಜಾಲಿಸಲು ಬರಿಯ ನೀರು. ಜಾಲಿಸುವ ನೀರು ಮೂರು ಬಾರಿ ಕಪ್ಪಾಯಿತು. ಅಂಗಡಿಯವರು ಬಳಿದಿದ್ದ ಜಿಡ್ಡು ಬಿಡಲು, ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ತೆಳುಮಾಡಿದ ಕ್ಲೀನರ್ ಸಿಂಪಡಿಸಿ, ಅದು ಒಣಗುವ ಮೊದಲೇ ಉಜ್ಜಿ ತೊಳೆದೆವು. ಬಾಗಿಲಿಗೆ ಹಚ್ಚಿದ್ದ ಪಾಲಿಶ್ ಅಂಚು ದಾಟಿ ಬಂದು ಪ್ಲಾಸ್ಟಿಕ್ಕಿನ ತರಿಗಳಲ್ಲಿ ಬಿಳಿಯ ಕಲೆಯಾಗಿ ಕೂತಿತ್ತು. ಅದನ್ನೂ ಅವರು ಬಿಸಿಲಿನ ಕೇಡೆಂದೇ ತಿಳಿದಿದ್ದರು. ತಾಳ್ಮೆಯಿಂದ ಉಜ್ಜಿದಾಗ ಹೋಯಿತು. ಆಮೇಲೆ ಬಟ್ಟೆಯಿಂದ ಒರೆಸಿ, ಎರಡು ಗಂಟೆ ಒಣಗಲು ಬಿಟ್ಟೆವು. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮಪಾಲು ನೀರು ಬೆರೆಸಿ, ಬೆಂಕಿಯಿಂದ ದೂರದಲ್ಲಿ, ಕೈಚೀಲ ತೊಟ್ಟು ಒರೆಸಿದೆವು. ಬಿಳಿಯ ಬಟ್ಟೆ ಬಿಳಿಯಾಗಿಯೇ ಹಿಂದೆ ಬರುವವರೆಗೆ ಒರೆಸಬೇಕು. ಈ ಹಂತ ತಪ್ಪಿಸಿದರೆ ಮುಂದಿನದೆಲ್ಲ ಜಿಡ್ಡಿನ ಮೇಲೆ ಕಟ್ಟಿದ ಮನೆ.

ಅರ್ಧ ದಿನ ಹೋದದ್ದು ಇದರಲ್ಲೇ. ಇಷ್ಟರಲ್ಲೇ ಬಲಬದಿ ಬಹುಮಟ್ಟಿಗೆ ಸರಿಹೋಗಿತ್ತು ಎಂಬುದನ್ನು ಒತ್ತಿ ಹೇಳಬೇಕು. ಸಂಜೆ ಬಿಸಿಲು ಇಳಿದ ಮೇಲೆ, ಪ್ಲಾಸ್ಟಿಕ್ಕಿಗೆಂದೇ ಮಾಡಿದ, ಹಚ್ಚಿದ ನಂತರ ಗಟ್ಟಿಯಾಗಿ ಕೂರುವ ಟ್ರಿಮ್ ಲೇಪವೊಂದನ್ನು ಮೊದಲು ಮರೆಯಾದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಎಲ್ಲ ಕಡೆ ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಒರೆಸಿ ತೆಗೆದೆವು. ಇಂಥ ಲೇಪ ಎಣ್ಣೆಯಂತೆ ವಾರದಲ್ಲಿ ಇಳಿಯುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ, ಶಾಶ್ವತವಂತೂ ಅಲ್ಲ. ಬಣ್ಣ ಹೊಡೆಸುವ ದಾರಿಯೂ ಇದೆ. ಆದರೆ ಪಾಲಿಪ್ರೊಪಿಲೀನ್ ಮೈಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ಇರುವ ಪ್ರೈಮರ್ ಬೇಕು, ಮೊದಲು ಸಿಲಿಕೋನಿನ ಲವಲೇಶವೂ ಇರದಂತೆ ತೆಗೆಯಬೇಕು. ಇಲ್ಲದಿದ್ದರೆ ಬಣ್ಣ ಮೀನಿನ ಕಣ್ಣುಗಳಂತೆ ಗುಳಿ ಬೀಳುತ್ತದೆ, ವರ್ಷದೊಳಗೆ ಸಿಪ್ಪೆಯಾಗಿ ಏಳುತ್ತದೆ.

ಎಡ ಮುಂಭಾಗದ ಒಂದು ಅಂಗೈಯಗಲ ಜಾಗ ಮಾತ್ರ ಏನು ಮಾಡಿದರೂ ಪೂರ್ತಿ ಕಪ್ಪಾಗಲಿಲ್ಲ. ಇನ್ನೊಂದು ಪದರ ಹಚ್ಚೋಣವೇ ಎಂದೆ. ಬೇಡ, ಇರಲಿ ಅಂದರು.

ಇಲ್ಲಿ ಎದುರು ವಾದಗಳನ್ನು ಕೇಳಬೇಕು. ಮೊದಲನೆಯದು, ಇದೆಲ್ಲ ಬರಿಯ ಶೋಕಿ ಎಂಬುದು. ಸರಕು ವಾಹನಕ್ಕೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಆ ಪರೀಕ್ಷೆ ಬ್ರೇಕು, ದೀಪ, ಹೊಗೆ, ಸ್ಟೀರಿಂಗ್ ನೋಡುತ್ತದೆ. ಬಂಪರಿನ ಕಪ್ಪನ್ನು ಯಾರೂ ಕೇಳುವುದಿಲ್ಲ. ಕಾನೂನು ಕೇಳದ್ದನ್ನು ನಾವೇಕೆ ತಲೆಗೆ ಹಚ್ಚಿಕೊಳ್ಳಬೇಕು? ವಾದ ನ್ಯಾಯವಾಗಿಯೇ ಇದೆ. ಆದರೆ ಬಾಡಿಗೆ ಕೊಡುವವರು ಕಾನೂನಿನ ಕಣ್ಣಿನಿಂದ ನೋಡುವುದಿಲ್ಲ. ಕಾನೂನಿಗೆ ಕಾಣದ ಬೂದಿಬಣ್ಣ ಅನ್ನಕ್ಕೆ ಅಡ್ಡ ಬಂದಾಗ ಅದನ್ನು ಶೋಕಿಯೆಂದು ಕರೆಯಲು, ತಿಂಗಳ ಕೊನೆಗೆ ಸಂಬಳ ಬರುವ ನನಗೆ ಅಧಿಕಾರವಿಲ್ಲ.

ಎರಡನೆಯ ವಾದ ಹೆಚ್ಚು ಸೂಕ್ಷ್ಮವಾದುದು. ಹಳೆಯದನ್ನು ಹೊಸದಾಗಿ ಕಾಣಿಸುವುದೆಲ್ಲವೂ ಸುಳ್ಳೇ ಅಲ್ಲವೇ? ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ರಸ್ಕಿನ್ನನನ್ನು ಓದಿದವರಿಗೆ ಇದು ಪರಿಚಿತ. 1849ರಲ್ಲಿ ಪ್ರಕಟವಾದ ವಾಸ್ತುಶಿಲ್ಪದ ಕುರಿತ ತನ್ನ ಗ್ರಂಥದಲ್ಲಿ ಆತ, ಜೀರ್ಣೋದ್ಧಾರವೆಂಬುದು ಕಟ್ಟಡದ ನಾಶವೇ ಹೌದೆಂದು ವಾದಿಸಿದ. ಅದೇ ದಾರಿಯಲ್ಲಿ ವಿಲಿಯಂ ಮೊರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘವನ್ನೇ ಕಟ್ಟಿದ. ವಿದ್ಯಾರ್ಥಿಯಾಗಿದ್ದಾಗ ನನಗೆ ಇದು ಹಟಮಾರಿತನವೆಂದು ತೋರಿತ್ತು. ಬ್ರಶ್ ಹಿಡಿದು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅದರ ತಿರುಳು ತಿಳಿಯಿತು. ಅವರಿಬ್ಬರೂ ಆರೈಕೆಯ ವಿರೋಧಿಗಳಾಗಿರಲಿಲ್ಲ. ದಿನದಿನದ ಸಣ್ಣ ಆರೈಕೆ ತಪ್ಪದೆ ನಡೆದರೆ ದೊಡ್ಡ ಜೀರ್ಣೋದ್ಧಾರದ ಅಗತ್ಯವೇ ಬೀಳದು ಎಂಬುದು ಅವರ ನಿಲುವಾಗಿತ್ತು. ಇರುವ ಕಪ್ಪಿನ ಮೇಲಿನ ಕೊಳೆಯನ್ನು ತೆಗೆಯುವುದು ಆರೈಕೆ. ಕೊಳೆಯ ಮೇಲೆ ಕಪ್ಪು ಬಳಿಯುವುದು ಸುಳ್ಳು. ಸಂಜೆಯ ಹೊತ್ತಿಗೆ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ. ಬೇರೆಬೇರೆಯೆಂದು ತೋರಿಸಿಕೊಡುವುದು ಮಳೆ.

ಈ ವ್ಯತ್ಯಾಸ ಸರ್ಕಾರಿ ನೌಕರನಿಗೆ ಗೊತ್ತಿಲ್ಲದ್ದೇನಲ್ಲ. ತಪಾಸಣೆಯ ದಿನ ಗೊತ್ತಾದೊಡನೆ ಯಾವ ಕಚೇರಿಯಲ್ಲಾದರೂ ಹೂಕುಂಡಗಳಿಗೆ ಕೆಮ್ಮಣ್ಣು, ಕಟ್ಟೆಗಳಿಗೆ ಸುಣ್ಣ, ಕಪಾಟಿನ ಮುಂದಿನ ಸಾಲಿಗೆ ಹೊಸ ರಟ್ಟಿನ ಫೈಲುಗಳು ಬರುತ್ತವೆ. ಹಿಂದಿನ ಸಾಲು ಧೂಳಿನಲ್ಲೇ ಇರುತ್ತದೆ. ಎರಡು ದಶಕದ ಸೇವೆಯಲ್ಲಿ ಇಂಥ ಎಷ್ಟೋ ಸುಣ್ಣಗಳಿಗೆ ನಾನೂ ಸಹಿ ಹಾಕಿದ್ದೇನೆ. ಫೈಲಿಗೆ ನಾವು ಬಳಸುವ ಕಡತ ಎಂಬ ಮಾತಿನ ಹಿಂದೆಯೂ ಒಂದು ಕಪ್ಪಿದೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರವಾಗಿವೆ. ಅಲ್ಲಿ ಕಪ್ಪು ಅಲಂಕಾರಕ್ಕಿರಲಿಲ್ಲ. ಮೇಲೆ ಬರೆದ ಅಕ್ಷರ ಕಾಣಬೇಕಾದರೆ ಕೆಳಗಿನ ಕಪ್ಪು ಗಟ್ಟಿಯಾಗಿರಬೇಕಿತ್ತು.

ನಮ್ಮ ಊರಿನ ಶಾಲೆಯಲ್ಲೂ ಹಾಗೆಯೇ. ಬಿಳಿಚಿದ ಕರಿಹಲಗೆಯನ್ನು ಶನಿವಾರ ಕೆಳಗಿಳಿಸಿ, ಮೊದಲು ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಪುಡಿಯನ್ನೆಲ್ಲ ತೆಗೆದು, ಒಣಗಿಸಿ, ಆಮೇಲೆ ತೊಂಡೆ ಸೊಪ್ಪು ಮತ್ತು ಇದ್ದಿಲನ್ನು ಅರೆದು ತಿಕ್ಕುತ್ತಿದ್ದೆವು. ತೊಳೆಯದೆ ತಿಕ್ಕಿದ ಹುಡುಗನಿಗೆ ಮೇಷ್ಟ್ರು ಹೊಡೆಯುತ್ತಿರಲಿಲ್ಲ; ಸೋಮವಾರ ಅವನನ್ನೇ ಕರೆದು ಹಲಗೆಯ ಮೇಲೆ ಬರೆಯಲು ಹೇಳುತ್ತಿದ್ದರು. ಸೀಮೆಸುಣ್ಣ ಜಾರುತ್ತಿತ್ತು, ಅಕ್ಷರ ಮೂಡುತ್ತಿರಲಿಲ್ಲ. ಆ ಭಾನುವಾರ ನಾವು ಅನುಸರಿಸಿದ ಕ್ರಮ ಅದೇ ಆಗಿತ್ತೆಂದು ನನಗೆ ಹೊಳೆದದ್ದು ಬಕೆಟ್ ಚೆಲ್ಲುವಾಗ.

ಹೊರನಾಡಿನಲ್ಲಿರುವ ನಾವು ಇನ್ನೊಂದು ಕಡೆಯೂ ಈ ಕ್ರಮವನ್ನು ತಪ್ಪಿಸುತ್ತಿದ್ದೇವೆಂದು ನನ್ನ ಅನಿಸಿಕೆ. ನವೆಂಬರ್ ಬಂದೊಡನೆ ನಮ್ಮ ಸಂಘಗಳ ಕನ್ನಡ ಮಿರಮಿರ ಮಿಂಚುತ್ತದೆ: ಬಾವುಟ, ಬ್ಯಾನರು, ಹಾಡು, ಹೋಳಿಗೆ ಊಟ. ಡಿಸೆಂಬರಿನಲ್ಲಿ ನಮ್ಮ ಮಕ್ಕಳು ಅಜ್ಜಿಯ ಫೋನು ಬಂದರೆ ಅದನ್ನು ನಮ್ಮ ಕೈಗೆ ದಾಟಿಸುತ್ತಾರೆ. ನನ್ನ ಮಗನೂ ದಾಟಿಸುತ್ತಾನೆ. ಉತ್ಸವ ಬೇಡವೆಂದು ನಾನು ಹೇಳುತ್ತಿಲ್ಲ. ಲೇಪ ನಾವೂ ಹಚ್ಚಿದೆವಲ್ಲ. ಲೇಪಕ್ಕೆ ಮೊದಲಿನ ಅರ್ಧ ದಿನ ನಮ್ಮ ಮನೆಗಳಲ್ಲಿ ನಡೆಯುತ್ತಿಲ್ಲ ಎಂಬುದಷ್ಟೇ ನನ್ನ ಮಾತು. ಮಕ್ಕಳ ಕಿವಿಯಲ್ಲಿ ಭಾಷೆ ಇದ್ದೇ ಇದೆ. ಒಂದು ಚೊಂಬು ನೀರು ಬಿದ್ದರೆ, ಅಂದರೆ ಬೇಸಿಗೆಯಲ್ಲಿ ನಾಲ್ಕು ದಿನ ಊರಿನಲ್ಲಿ ಬಿಟ್ಟರೆ, ಅದು ಮೇಲೆ ಬರುವುದನ್ನು ನಾವೆಲ್ಲ ನೋಡಿದ್ದೇವೆ.

ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆಗೆ ನನ್ನ ಉತ್ತರವನ್ನು ಈಗ ಹೇಳಬಹುದು. ಗೆಳೆಯರು ಮೋಸಗಾರರಲ್ಲ. ಅಂಗಡಿಯವರು ತಮ್ಮ ಕೆಲಸವೆಂದು ಹೇಳಿ ಮಾಡಿದ್ದನ್ನು ಅವರು ನಂಬಿದರು. ಆದರೆ ಆ ಹೊಳಪು ಹೇಳಿದ ಮಾತು ಸುಳ್ಳಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಬೆರಳು ಎಳೆದು ಗಾಡಿ ಮುದಿಯೆಂದವರ ಮಾತೂ ಅಷ್ಟೇ ಸುಳ್ಳು. ಬಾನೆಟ್ ತೆರೆಯದೆ ತೀರ್ಪು ಕೊಡುವವರು ಇರುವವರೆಗೆ ಎಣ್ಣೆ ಬಳಿಯುವ ಅಂಗಡಿಗಳು ಇರುತ್ತವೆ. ಮೊದಲ ತಪ್ಪು ಬಳಿಯುವವನದಲ್ಲ, ಹೊಳಪನ್ನಷ್ಟೇ ಕೇಳುವವನದು. ವಾಹನವನ್ನಾಗಲಿ ಮನುಷ್ಯನನ್ನಾಗಲಿ ಆರಿಸುವ ಸ್ಥಾನದಲ್ಲಿ ಕೂತವರು ಇಷ್ಟನ್ನಾದರೂ ನೆನಪಿಡಬೇಕೆಂಬುದು ನನ್ನ ಅಭಿಪ್ರಾಯ.

ಆ ಸಂಸ್ಥೆಗೆ ಗೆಳೆಯರು ಮತ್ತೆ ಹೋಗಲಿಲ್ಲ. ಶುಲ್ಕದ ಹಣಕ್ಕೆ ಕೈಸಾಲ ಮಾಡಿದರು. ಎರಡು ತಿಂಗಳಾದ ಮೇಲೆ ಹೂವಿನ ವ್ಯಾಪಾರಿಯೊಬ್ಬರು ಗಾಡಿ ನೋಡಲು ಬಂದಾಗ ನಾನೂ ಕೆಳಗಿದ್ದೆ. ಅವರು ಎಡಬದಿಯ ಅಂಗೈಯಗಲ ಬೂದಿಯನ್ನು ತೋರಿಸಿ, ಇದೇನು ಎಂದರು. "ಅದು ಬಿಸಲ್ರೀ. ಉಳಿದದ್ದೆಲ್ಲ ತೊಳದೀನಿ, ಅದಷ್ಟು ಹೋಗಂಗಿಲ್ಲ" ಎಂದು ಹೇಳಿ, ಗೆಳೆಯರು ತಾವಾಗಿಯೇ ಬಾನೆಟ್ ಎತ್ತಿದರು. ವ್ಯಾಪಾರಿ ಬಗ್ಗಿ ಒಳಗೆ ನೋಡತೊಡಗಿದರು.

ಈಗ ಗಾಡಿ ದಿನ ಬಿಟ್ಟು ದಿನ ದಿಕ್ಕು ಬದಲಿಸಿ ನಿಲ್ಲುತ್ತದೆ.